ಈ ತಿಂಗಳ ಪಾಠ: ದೊಡ್ಡ ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ಸಾಕುವ ಮೊದಲು



ಕಳೆದ ಎರಡು ಮೂರು ಒಕ್ಕೂಟ ಸಭೆಗಳಲ್ಲಿ ಒಂದೇ ಪ್ರಶ್ನೆ ಕೇಳಿಬರುತ್ತಿದೆ. "ಸಿಸ್ಟರ್, ಅಕ್ವೇರಿಯಂ ಮೀನು ಸಾಕೋದಕ್ಕೆ ಸಾಲ ತಗೊಳ್ಳಬಹುದಾ?" ತೆಗೆದುಕೊಳ್ಳಬಹುದು. ಹಿತ್ತಲಲ್ಲಿ ನಾಲ್ಕು ಸಿಮೆಂಟ್ ತೊಟ್ಟಿ ಇಟ್ಟುಕೊಂಡು ಗಪ್ಪಿ, ಮೋಲಿ ಸಾಕಿ ಮಕ್ಕಳ ಶಾಲೆಯ ಖರ್ಚು ನಿಭಾಯಿಸುತ್ತಿರುವ ತಾಯಂದಿರು ನಮ್ಮಲ್ಲೇ ಇದ್ದಾರೆ. ಆದರೆ ಈಚೆಗೆ ಕೇಳುವವರು ಗಪ್ಪಿಯ ಬಗ್ಗೆ ಕೇಳುತ್ತಿಲ್ಲ. ಅರೋವಾನಾ, ಆಸ್ಕರ್, ಗಾರ್ ಎಂದು ಹೆಸರು ಹೇಳುತ್ತಾರೆ. ಮೊಬೈಲಿನಲ್ಲಿ ದೊಡ್ಡ ಗಾಜಿನ ತೊಟ್ಟಿಯ ವಿಡಿಯೋ ತೋರಿಸುತ್ತಾರೆ. ಅದಕ್ಕೇ ಈ ಪಾಠ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ನಾಲ್ಕು ವರ್ಷಗಳ ಹಿಂದಿನ ಮಾತು. ಸಂಘದ ಹೆಸರು ಬೇಡ. ಬರೆಯಿರಿ ಸಿಸ್ಟರ್ ಎಂದು ಹೇಳಿದವರು ಆ ಸಂಘದವರೇ. ಅವರು ಆಗಲೇ ಎರಡು ವರ್ಷದಿಂದ ಸಣ್ಣ ಮೀನು ಸಾಕುತ್ತಿದ್ದರು. ಪೇಟೆಯಿಂದ ಮೀನು ಕೊಳ್ಳಲು ಬರುತ್ತಿದ್ದ ವ್ಯಾಪಾರಿ ಒಂದು ದಿನ ಹೇಳಿದ: "ಗಪ್ಪೀಲಿ ಏನಿದೆ ಅಕ್ಕಾ, ಐದು ಹತ್ತು ರೂಪಾಯಿ. ನಾನು ದೊಡ್ಡ ಜಾತಿ ಮರಿ ಕೊಡ್ತೀನಿ. ಒಂದು ವರ್ಷ ಸಾಕಿ. ನಾನೇ ವಾಪಸ್ ತಗೋತೀನಿ." ನಾಲ್ಕು ಅಡಿಯ ಗಾಜಿನ ತೊಟ್ಟಿ, ಸ್ಟ್ಯಾಂಡ್, ಫಿಲ್ಟರ್, ಮೀನು ಎಲ್ಲ ಸೇರಿ 38,000 ರೂಪಾಯಿ. ಬ್ಯಾಂಕ್ ಸಾಲದಿಂದ ಕೊಟ್ಟರು. ಅವನ ಮಾತು ಒಂದು ಚೀಟಿಯಲ್ಲೂ ಬರೆದಿರಲಿಲ್ಲ.

ಎರಡು ಅರೋವಾನಾ, ನಾಲ್ಕು ಆಸ್ಕರ್, ಎರಡು ರೆಡ್‌ಟೇಲ್ ಕ್ಯಾಟ್‌ಫಿಶ್, ಎರಡು ಅಲಿಗೇಟರ್ ಗಾರ್, ನಾಲ್ಕು 'ಶಾರ್ಕ್'. ಒಟ್ಟು 14 ಮೀನು. ಸಂಘದ ಸದಸ್ಯರೂ 14. ಒಬ್ಬೊಬ್ಬರಿಗೆ ಒಂದೊಂದು ಎಂದು ಹೇಳಿ ನಕ್ಕೆವು. ನಕ್ಕೆವು ಎಂದು ಏಕೆ ಬರೆದೆ ಅಂದರೆ, ಆ ದಿನ ನಿರ್ಣಯ ಪುಸ್ತಕ ಬರೆಯುವಾಗ ನಾನೂ ಅಲ್ಲಿ ಕೂತಿದ್ದೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮರಿಗಳು ನನ್ನ ಹೆಬ್ಬೆರಳಿನಷ್ಟಿದ್ದವು, ನೋಡಲು ಚಂದ ಇದ್ದವು.

ಆ ಮೀನುಗಳು ಯಾವುವು ಎಂದು ಆಮೇಲೆ ಓದಿ, ಕೇಳಿ ತಿಳಿದುಕೊಂಡೆ. ಅಂಗಡಿಯಲ್ಲಿ 'ಶಾರ್ಕ್' ಎಂದು ಮಾರುವುದು ಶಾರ್ಕೇ ಅಲ್ಲ. ಅದು ಪಂಗಾಸಿಯಸ್, ಮೀನು ಮಾರ್ಕೆಟ್ಟಿನಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಅದೇ ಮೀನು. ಮೂರು ಅಡಿ ದಾಟಿ ಬೆಳೆಯುತ್ತದೆ, ಬಹಳ ಪುಕ್ಕಲು, ಬೆಚ್ಚಿದರೆ ಗಾಜಿಗೆ ಮೂತಿ ಬಡಿದುಕೊಳ್ಳುತ್ತದೆ. ಆಸ್ಕರ್ ಒಂದು ಅಡಿ ಬೆಳೆಯುತ್ತದೆ. ನಮಗೆ ಕೊಟ್ಟದ್ದು ಬೆಳ್ಳಿ ಅರೋವಾನಾ, ಅಮೆಜಾನ್ ನದಿಯದು, ಸುಮಾರು ಮೂರು ಅಡಿ. ರೆಡ್‌ಟೇಲ್ ಕ್ಯಾಟ್‌ಫಿಶ್ ಕೂಡ ಅಮೆಜಾನಿನದೇ, ಮೂರು ನಾಲ್ಕು ಅಡಿ, 40 ಕಿಲೋಗೂ ಹೆಚ್ಚು ತೂಗುವುದುಂಟು. ಅಲಿಗೇಟರ್ ಗಾರ್ ಅಮೆರಿಕದ ದೊಡ್ಡ ನದಿಗಳದ್ದು. ಮೊಸಳೆಯಂಥ ಮೂತಿ, ಹಾಗೆಯೇ ಹಲ್ಲು. ಅಲ್ಲಿನ ಮಿಸಿಸಿಪ್ಪಿ ರಾಜ್ಯದಲ್ಲಿ 2011ರಲ್ಲಿ ಬಲೆಗೆ ಬಿದ್ದ ಒಂದು ಗಾರ್ ಎಂಟು ಅಡಿಗೂ ಉದ್ದ, 148 ಕಿಲೋ ತೂಕ. ನಮ್ಮ ತೊಟ್ಟಿ ನಾಲ್ಕು ಅಡಿ. ಇಷ್ಟು ಸಾಕು ಅಲ್ಲವೇ?

ಬಾಯಿಯ ಅಳತೆ

ಮೊದಲ ಮೂರು ತಿಂಗಳಲ್ಲಿ ನಾಲ್ಕು ಶಾರ್ಕೂ ಹೋದವು. ಒಂದು ಮೂತಿ ಬಡಿದುಕೊಂಡು ಗಾಯವಾಗಿ ಸತ್ತಿತು. ಉಳಿದ ಮೂರು ಒಂದೊಂದು ರಾತ್ರಿ ಒಂದೊಂದು ಕಾಣೆಯಾದವು. ಮುಳ್ಳಿಲ್ಲ, ರೆಕ್ಕೆಯಿಲ್ಲ. ಯಾರೋ ಕದ್ದರು ಎಂದು ಅನುಮಾನ ಬಂತು, ಸಂಘದಲ್ಲಿ ಒಂದು ಮಾತಿಗೆ ಇನ್ನೊಂದು ಮಾತು ಬೆಳೆಯಿತು. ಕದ್ದವರು ತೊಟ್ಟಿಯ ಒಳಗೇ ಇದ್ದರು. ರೆಡ್‌ಟೇಲ್‌ನ ಹೊಟ್ಟೆ ಉಬ್ಬಿದ್ದನ್ನು ಯಾರೂ ಗಮನಿಸಿರಲಿಲ್ಲ.

"ಚಿಕ್ಕದರಿಂದ ಜೊತೆಗೇ ಬೆಳೆದವು, ಹೇಗೆ ತಿಂತವೆ ಸಿಸ್ಟರ್?" ಎಂದು ಒಬ್ಬರು ಕೇಳಿದರು. ನಾಯಿ ಬೆಕ್ಕು ಒಂದೇ ಅಂಗಳದಲ್ಲಿ ಬೆಳೆದರೆ ಹೊಂದಿಕೊಳ್ಳುತ್ತವೆ, ನಿಜ. ಬೇಟೆಗಾರ ಮೀನಿಗೆ ಆ ನೆನಪು ಇಲ್ಲ. ಬಾಯಿಗೆ ಹಿಡಿಯುವುದೆಲ್ಲ ಅದಕ್ಕೆ ಊಟ. ಮರಿ ತಂದ ದಿನ ಎಲ್ಲವೂ ಒಂದೇ ಅಳತೆ ಇರುತ್ತವೆ. ಆದರೆ ಎಲ್ಲವೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. ರೆಡ್‌ಟೇಲ್, ಗಾರ್ ಒಂದು ವರ್ಷದೊಳಗೇ ಒಂದು ಅಡಿ ದಾಟುತ್ತವೆ. ಹಿಂದೆ ಬಿದ್ದ ಮೀನು ಊಟವಾಗುತ್ತದೆ. ಇದನ್ನು ನಮ್ಮ ಊರಿನವರೂ ಬಲ್ಲರು. ಕೊರವ ಮೀನಿನ ಮರಿ ಸಾಕುವವರು ಆಗಾಗ ದೊಡ್ಡದನ್ನು, ಚಿಕ್ಕದನ್ನು ಬೇರೆ ಮಾಡುತ್ತಾರೆ. ಮಾಡದಿದ್ದರೆ ಒಂದೇ ತಾಯಿಯ ಮರಿಗಳು ಒಂದನ್ನೊಂದು ನುಂಗುತ್ತವೆ.

ನುಂಗಿದ್ದೂ ಕೆಲವೊಮ್ಮೆ ಬದುಕುವುದಿಲ್ಲ. ಗಾಜು ನೆಕ್ಕಿ ಶುಚಿ ಮಾಡುತ್ತದೆ ಎಂದು 'ಸಕ್ಕರ್' ಮೀನನ್ನು ಹಾಕುತ್ತಾರಲ್ಲ, ಅದರ ರೆಕ್ಕೆಗೆ ಗಟ್ಟಿ ಮುಳ್ಳಿದೆ. ನುಂಗುವಾಗ ಅದು ಮುಳ್ಳು ಬಿಚ್ಚಿದರೆ ಗಂಟಲಲ್ಲಿ ಸಿಕ್ಕಿಕೊಂಡು ಎರಡೂ ಸಾಯುತ್ತವೆ. ಗದ್ದೆಯಲ್ಲಿ ಚೇಳು ಮೀನು ಚುಚ್ಚಿಸಿಕೊಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಬಾಯಿಗೆ ಹಿಡಿಯದಷ್ಟು ದೊಡ್ಡದಾದ ಮೇಲೆ ಜಗಳ ಶುರು. ಆಸ್ಕರ್‌ಗಳಲ್ಲಿ ಎರಡು ಜೋಡಿಯಾದವು, ಒಂದು ಮೂಲೆಯಲ್ಲಿ ಕಲ್ಲಿನ ಮೇಲೆ ಮೊಟ್ಟೆ ಇಟ್ಟವು. ಆ ದಿನದಿಂದ ಅರ್ಧ ತೊಟ್ಟಿ ಅವುಗಳದ್ದು. ಇನ್ನೆರಡು ಆಸ್ಕರ್‌ಗಳನ್ನು ಅಟ್ಟಾಡಿಸಿ, ರೆಕ್ಕೆ ಹರಿದು, ಹುರುಪೆ ಕಿತ್ತು, ಗಾಯಕ್ಕೆ ಹತ್ತಿಯಂಥ ಬೂಷ್ಟು ಹಿಡಿದು, ವಾರದೊಳಗೆ ಎರಡೂ ಸತ್ತವು. ನದಿಯಲ್ಲಾದರೆ ಸೋತದ್ದು ಓಡಿಹೋಗುತ್ತದೆ. ಗಾಜಿನ ತೊಟ್ಟಿಯಲ್ಲಿ ಎಲ್ಲಿಗೆ ಓಡುವುದು?

ಒಂದು ಅರೋವಾನಾ ಹೋದದ್ದು ನಮ್ಮದೇ ತಪ್ಪಿನಿಂದ. ಅದು ನೀರಿನ ಮೇಲಿನ ಕೊಂಬೆಯಲ್ಲಿರುವ ಹುಳವನ್ನು ಹಾರಿ ಹಿಡಿಯುವ ಮೀನು. ಮುಚ್ಚಳ ಅರ್ಧ ಸರಿದಿತ್ತು. ಬೆಳಿಗ್ಗೆ ಕಸ ಗುಡಿಸಲು ಬಂದಾಗ ನೆಲದ ಮೇಲೆ ಒಣಗಿ ಬಿದ್ದಿತ್ತು.

ನೀರು ತಿಳಿಯಾಗಿದ್ದರೂ ವಿಷ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಸಣ್ಣ ಮೀನು ಸಾಕುವವರಿಗೂ ಇದು ಬೇಕು.

ಮೀನು ತಿಂದದ್ದು, ಅದರ ಹೇಲು ಉಚ್ಚೆ, ಉಳಿದ ಆಹಾರ, ಎಲ್ಲವೂ ನೀರಿನಲ್ಲೇ ಉಳಿಯುತ್ತದೆ. ಅದರಿಂದ ಅಮೋನಿಯಾ ಹುಟ್ಟುತ್ತದೆ. ಮಾಂಸ ತಿನ್ನುವ ದೊಡ್ಡ ಮೀನಿನಿಂದ ಇದು ಬಹಳ ಹೆಚ್ಚು. ಅಮೋನಿಯಾಕ್ಕೆ ಬಣ್ಣವಿಲ್ಲ. ನೀರು ಕನ್ನಡಿಯಂತೆ ಇದ್ದರೂ ಮೀನಿನ ಕಿವಿರು ಸುಡುತ್ತಿರುತ್ತದೆ. ಬೇಸಿಗೆಯಲ್ಲಿ ನೀರು ಬಿಸಿಯಾದರೆ ಅದೇ ಅಮೋನಿಯಾ ಇನ್ನೂ ಹೆಚ್ಚು ವಿಷ.

ಇದನ್ನು ತಿಂದು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುತ್ತವೆ. ಹಾಲಿಗೆ ಹಾಕುವ ಹೆಪ್ಪು ಇದ್ದಂತೆ. ಹೊಸ ತೊಟ್ಟಿಗೆ ಹೆಪ್ಪು ಹತ್ತಲು ನಾಲ್ಕರಿಂದ ಆರು ವಾರ ಬೇಕು. ನಾವು ತೊಟ್ಟಿ ತಂದ ಮಾರನೆಯ ದಿನವೇ 14 ಮರಿ ಬಿಟ್ಟೆವು! ಆ ಸ್ಪಂಜನ್ನು ಪಂಚಾಯಿತಿ ನಲ್ಲಿಯ ನೀರಿನಲ್ಲಿ ತೊಳೆದರೆ ಬ್ಲೀಚಿಂಗ್ ಪೌಡರಿಗೆ ಹೆಪ್ಪು ಸಾಯುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಬೇಕು. ನಲ್ಲಿ ನೀರನ್ನು ಒಂದು ದಿನವಾದರೂ ತೆರೆದಿಟ್ಟು ಆಮೇಲೆ ತೊಟ್ಟಿಗೆ ಹಾಕಬೇಕು.

ಈಗ ಲೆಕ್ಕ ಹಾಕೋಣ, ನೋಟ್‌ಬುಕ್ ತೆಗೆಯಿರಿ. ತೊಟ್ಟಿ ಉದ್ದ 4 ಅಡಿ, ಅಗಲ 2, ಎತ್ತರ 2. ಗುಣಿಸಿದರೆ 16 ಘನ ಅಡಿ. ಒಂದು ಘನ ಅಡಿಗೆ ಸುಮಾರು 28 ಲೀಟರ್. ಅಂದರೆ ಹತ್ತಿರ ಹತ್ತಿರ 450 ಲೀಟರ್. ಅಷ್ಟೇ ಕಿಲೋ ತೂಕ ಕೂಡ, ಗಾಜು, ಸ್ಟ್ಯಾಂಡ್ ಬಿಟ್ಟು. ಮಣ್ಣಿನ ನೆಲ ಒಂದು ಬದಿ ಸ್ವಲ್ಪ ಕುಸಿದರೆ ಗಾಜಿನ ಜೋಡಣೆ ಬಿಡುತ್ತದೆ. ಮೀನು ಕಡಿಮೆ ಇದ್ದರೆ ವಾರಕ್ಕೆ ಕಾಲು ಭಾಗ ನೀರು ಬದಲಿಸಿದರೆ ಆಯಿತು. ಕಿಕ್ಕಿರಿದ ದೊಡ್ಡ ಮೀನಿಗೆ ವಾರಕ್ಕೆ ಎರಡು ಸಲ ಅರ್ಧ ಅರ್ಧ ಬದಲಿಸಬೇಕಾಯಿತು. ಅರ್ಧ ಅಂದರೆ 225 ಲೀಟರ್, ಹದಿನೈದು ಕೊಡ. ವಾರಕ್ಕೆ ಮೂವತ್ತು ಕೊಡ ತರುವುದು, ಮೂವತ್ತು ಕೊಡ ಚೆಲ್ಲುವುದು. ಹೊತ್ತವರು ಯಾರು? ಬೋರ್‌ವೆಲ್ ಎರಡು ದಿನ ಕೈಕೊಟ್ಟಾಗ ಕುಡಿಯುವ ನೀರಿನ ಸಾಲಿನಲ್ಲಿ ಮೀನಿಗೆ ನೀರು ಹಿಡಿದದ್ದಕ್ಕೆ ಬೈಸಿಕೊಂಡವರು ಯಾರು? ವ್ಯಾಪಾರಿ ಹೇಳಿದ ಲಾಭದಲ್ಲಿ ಈ ಕೂಲಿ ಒಂದು ಪೈಸೆಯೂ ಇರಲಿಲ್ಲ. ನಮ್ಮ ದುಡಿಮೆಯನ್ನು ನಾವೇ ಲೆಕ್ಕಕ್ಕೆ ಹಿಡಿಯುವುದಿಲ್ಲ, ಬೇರೆಯವರು ಹಿಡಿಯುತ್ತಾರೆಯೇ?

ಆಹಾರದ ಖರ್ಚೂ ಹಾಗೆಯೇ. ಮೊದಲು ಎರೆಹುಳು, ಆಮೇಲೆ ಸೀಗಡಿ, ಕೊನೆಗೆ ದಿನಕ್ಕೆ ನಲವತ್ತು ರೂಪಾಯಿಯ ಮೀನು. ಉಳಿಸಲು ಎಂದು ಕೋಳಿ ಚೂರು ಹಾಕಿದರು. ನೆಲದ ಮೇಲಿನ ಪ್ರಾಣಿಯ ಕೊಬ್ಬು ಮೀನಿಗೆ ಸರಿಯಾಗಿ ಅರಗುವುದಿಲ್ಲ, ಈಲಿಗೆ ಕೊಬ್ಬು ಕಟ್ಟುತ್ತದೆ. ಜೀವಂತ ಸಣ್ಣ ಮೀನು ಹಾಕಿದರೆ ಅದರ ರೋಗ, ಹುಳ ಇದಕ್ಕೂ ಬರುತ್ತದೆ. ಗೋಲ್ಡ್‌ಫಿಶ್ ಒಂದನ್ನೇ ಹಾಕುತ್ತಿದ್ದರೆ ಬಿ-1 ಜೀವಸತ್ವದ ಕೊರತೆಯೂ ಆಗುತ್ತದೆ, ಆ ಮೀನಿನ ಮೈಯಲ್ಲಿ ಅದನ್ನು ಕೆಡಿಸುವ ಅಂಶ ಇದೆ.

ಕರೆಂಟಿನ ವಿಷಯ. ಏಪ್ರಿಲ್ ತಿಂಗಳ ಒಂದು ರಾತ್ರಿ ಗಾಳಿ ಮಳೆಗೆ ಕಂಬ ಬಿದ್ದು ಹತ್ತು ಗಂಟೆ ಕರೆಂಟ್ ಇರಲಿಲ್ಲ. ಏರ್ ಪಂಪ್ ನಿಂತಿತು, ಫಿಲ್ಟರ್ ನಿಂತಿತು. ದೊಡ್ಡ ಮೈಗೆ ಹೆಚ್ಚು ಆಮ್ಲಜನಕ ಬೇಕು. ಫಿಲ್ಟರಿನ ಹೆಪ್ಪಿಗೂ ಆಮ್ಲಜನಕವೇ ಬೇಕು. ಬೆಳಿಗ್ಗೆ ಎರಡು ರೆಡ್‌ಟೇಲ್, ಉಳಿದಿದ್ದ ಅರೋವಾನಾ, ಒಂದು ಆಸ್ಕರ್ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಗಾರ್‌ಗಳು ಬದುಕಿದ್ದವು, ಅವು ಮೇಲೆ ಬಂದು ಗಾಳಿ ನುಂಗಿ ಉಸಿರಾಡಬಲ್ಲವು. ಅರೋವಾನಾ ಮನೆಯ ಕೆಟ್ಟದ್ದನ್ನು ತನ್ನ ಮೇಲೆ ತೆಗೆದುಕೊಂಡು ಸಾಯುತ್ತದೆ ಎಂದು ವಾಸ್ತು ಹೇಳುವವರು ಹೇಳುತ್ತಾರಂತೆ. ಇದು ತೆಗೆದುಕೊಂಡದ್ದು ಅಮೋನಿಯಾವನ್ನು. ಬ್ಯಾಟರಿಯಲ್ಲಿ ನಡೆಯುವ ಸಣ್ಣ ಏರ್ ಪಂಪ್ ಸಿಗುತ್ತದೆ. ಯಾವ ಮೀನು ಸಾಕುವವರೂ ಒಂದನ್ನು ಇಟ್ಟುಕೊಳ್ಳಿ.

ಇನ್ನೊಂದು ಮಾತು ಮೀನಿಗಿಂತ ನಿಮ್ಮ ಜೀವಕ್ಕೆ ಸಂಬಂಧಿಸಿದ್ದು. ದೊಡ್ಡ ಮೀನು ಬಾಲ ಬಡಿದರೆ ನೀರಿನೊಳಗಿನ ಹೀಟರ್ ಒಡೆಯುತ್ತದೆ. ಕೈ ಹಾಕುವ ಮೊದಲು ಎಲ್ಲ ಪ್ಲಗ್ ತೆಗೆಯಿರಿ, ಸ್ವಿಚ್ ಆರಿಸಿದರೆ ಸಾಲದು. ವೈರ್ ಪ್ಲಗ್ಗಿಗಿಂತ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಬೇಕು, ಆಗ ವೈರಿನ ಮೇಲೆ ಇಳಿದ ನೀರು ಪ್ಲಗ್ಗಿಗೆ ಹೋಗದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಮಕ್ಕಳು ಕೈಯಿಂದ ಮೀನಿಗೆ ತಿನ್ನಿಸಲು ಹೋಗದಂತೆ ನೋಡಿಕೊಳ್ಳಿ.

ಕೆರೆಗೆ ಬಿಟ್ಟರೆ?

ಹದಿನಾಲ್ಕರಲ್ಲಿ ಉಳಿದದ್ದು ಮೂರು: ಒಂದು ಆಸ್ಕರ್, ಎರಡು ಗಾರ್. ಗಾರ್ ಎರಡೂ ಒಂದೂವರೆ ಅಡಿ ಆಗಿದ್ದವು. ವ್ಯಾಪಾರಿಯ ಫೋನ್ ಮೊದಲು ಸ್ವಿಚ್ ಆಫ್, ಆಮೇಲೆ "ಈಗ ಅದಕ್ಕೆ ಗಿರಾಕಿ ಇಲ್ಲ ಅಕ್ಕಾ." ಸಭೆ ಕರೆದರು. ಹಿರಿಯ ಸದಸ್ಯೆಯೊಬ್ಬರು ಹೇಳಿದರು, "ಪಾಪ, ಕೊಲ್ಲೋದು ಬೇಡ. ನಮ್ಮ ಕೆರೇಗೆ ಬಿಟ್ಟುಬಿಡೋಣ. ಎಲ್ಲಾದ್ರೂ ಬದುಕಿಕೊಳ್ಳಲಿ." ತಲೆದೂಗಿದವರೇ ಹೆಚ್ಚು.

ಆಗ ಎದ್ದು ನಿಂತವರು ಒಬ್ಬ ಕಿರಿಯ ಸದಸ್ಯೆ. ಅವರ ಗಂಡ ಮೀನುಗಾರರ ಸಹಕಾರ ಸಂಘದವರು. ಆ ಕೆರೆಯನ್ನು ಗುತ್ತಿಗೆ ಹಿಡಿದು ಕಾಟ್ಲಾ, ರೋಹು ಮರಿ ಬಿಟ್ಟಿದ್ದರು. "ನಮ್ಮ ಮರಿ ತಿಂದರೆ ಯಾರು ಕೊಡ್ತಾರೆ ಅಕ್ಕಾ?" ಎಂದಷ್ಟೇ ಕೇಳಿದರು. ಸಭೆ ಸುಮ್ಮನಾಯಿತು.

ಆ ಪ್ರಶ್ನೆ ಸಣ್ಣದಲ್ಲ. ಕೇರಳದಲ್ಲಿ 2018ರ ಆಗಸ್ಟ್ ಪ್ರವಾಹದಲ್ಲಿ ಖಾಸಗಿ ಕೊಳಗಳು ತುಂಬಿ ಹರಿದವು. ಆಮೇಲೆ ಚಾಲಕುಡಿ ನದಿಯ ಕಡೆ ಬೀಸಿದ ಬಲೆಗೆ ಅಮೆಜಾನಿನ ಅರಪೈಮಾ, ಅಮೆರಿಕದ ಅಲಿಗೇಟರ್ ಗಾರ್ ಸಿಕ್ಕವು. 2023ರಲ್ಲಿ ಭೋಪಾಲದ ದೊಡ್ಡ ಕೆರೆಯಲ್ಲಿ, ಅದೇ ವರ್ಷ ಕಾಶ್ಮೀರದ ದಾಲ್ ಸರೋವರದಲ್ಲೂ ಗಾರ್ ಸಿಕ್ಕಿತು. ಅಮೆರಿಕದ ಮೀನು ತಾನಾಗಿ ಕಾಶ್ಮೀರಕ್ಕೆ ಬರುವುದಿಲ್ಲ. ಯಾರೋ ಸಾಕಲಾಗದೆ 'ಪಾಪ' ಎಂದು ಬಿಟ್ಟದ್ದೇ ಇರಬೇಕು. ಹಿಡಿದು ತಿಂದರಾಯಿತು ಎನ್ನುವವರಿಗೆ: ಗಾರ್ ಮೀನಿನ ಮೊಟ್ಟೆ ಮನುಷ್ಯರಿಗೆ ವಿಷ.

ಇಷ್ಟು ದೂರ ಹೋಗುವುದೇ ಬೇಡ. ನಮ್ಮ ಕೆರೆಗಳಲ್ಲಿ ಬಲೆ ಹಾಕಿದರೆ ಬುಟ್ಟಿ ತುಂಬ ಬರುವ ಜಿಲೇಬಿ ಮೀನು ಆಫ್ರಿಕಾದ್ದು. 1952ರಲ್ಲಿ ನಮ್ಮ ದೇಶಕ್ಕೆ ತಂದರು. ಇಂದು ಅದಿಲ್ಲದ ಕೆರೆ ಹುಡುಕಬೇಕು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಸರ್ಕಾರ 2000ನೇ ಇಸವಿಯಲ್ಲೇ ನಿಷೇಧಿಸಿತು, ಆದರೂ ಕದ್ದು ಸಾಕುವುದು ನಿಂತಿಲ್ಲ. ಒಮ್ಮೆ ನೀರಿಗೆ ಬಿದ್ದ ಮೀನನ್ನು ಹಿಂದಕ್ಕೆ ಕರೆಯಲು ಆಗುವುದಿಲ್ಲ. ಹೊರಗಿನಿಂದ ಬಂದು ಹಾವಳಿ ಮಾಡುವ ಇಂಥ ಜೀವಿಗಳ ಸಾಕಣೆ, ಮಾರಾಟವನ್ನು ನಿಯಂತ್ರಿಸುವ ಅಧಿಕಾರವನ್ನು 2022ರ ವನ್ಯಜೀವಿ ತಿದ್ದುಪಡಿ ಕಾಯ್ದೆ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದೇ ಕಾಯ್ದೆಯಂತೆ ಕೆಂಪು, ಬಂಗಾರ ಬಣ್ಣದ ಏಷ್ಯಾ ಅರೋವಾನಾ, ಅರಪೈಮಾ ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಣಿ ಮಾಡಿಸಬೇಕು. ಅದರ ನಿಯಮಗಳು 2024ರಲ್ಲಿ ಬಂದಿವೆ. ವ್ಯಾಪಾರಿ ಈ ಕಾಗದದ ಮಾತು ಎತ್ತುವುದಿಲ್ಲ, ನೀವೇ ಕೇಳಬೇಕು.

ಆಸ್ಕರನ್ನು ಒಬ್ಬ ಶಿಕ್ಷಕರು ಒಂದೇ ಮೀನಾಗಿ ಸಾಕಲು ಒಯ್ದರು. ಇವತ್ತಿಗೂ ಚೆನ್ನಾಗಿದೆ, ಅವರನ್ನು ಕಂಡರೆ ಗಾಜಿನ ಹತ್ತಿರ ಬರುತ್ತದೆ. ಗಾರ್‌ಗಳನ್ನು ತೆಗೆದುಕೊಳ್ಳುವವರು ಯಾರೂ ಸಿಗಲಿಲ್ಲ. ಮೀನುಗಾರಿಕೆಯ ಬಗ್ಗೆ ತಿಳಿದವರನ್ನು ಕೇಳಿ, ಬಕೆಟ್ ನೀರಿಗೆ ಲವಂಗದ ಎಣ್ಣೆ ಹೆಚ್ಚಾಗಿ ಬೆರೆಸಿ ಅದರಲ್ಲಿ ಬಿಟ್ಟೆವು. ಮೀನು ಮಂಪರಾಗಿ ಹಾಗೆಯೇ ಸಾಯುತ್ತದೆ. ತೆಂಗಿನ ಬುಡದಲ್ಲಿ ಹೂತೆವು. ಕೆರೆಗೆ ಬಿಡೋಣ ಎಂದಿದ್ದ ಆ ಹಿರಿಯ ಸದಸ್ಯೆ ಮೂರು ತಿಂಗಳು ಅವಕ್ಕೆ ಮೇವು ಹಾಕಿದವರು, ಅತ್ತುಬಿಟ್ಟರು. ನನಗೂ ಸುಲಭವಾಗಿರಲಿಲ್ಲ.

ಸಾಲ ತೀರಲು 22 ತಿಂಗಳು ಬೇಕಾಯಿತು. ಕಂತು ಕಟ್ಟಿದ್ದು ಗಪ್ಪಿ, ಮೋಲಿಯ ದುಡ್ಡಿನಿಂದ. ಐದು ರೂಪಾಯಿ ಮೀನು ಎಂದು ಹೀಗಳೆದದ್ದೇ ಕೈ ಹಿಡಿಯಿತು. ಹೆಣ್ಣು ಗಪ್ಪಿ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ತಾಯಿ ಮರಿ ತಿನ್ನದಂತೆ ಸ್ವಲ್ಪ ನೀರುಗಿಡ ಹಾಕಿದರೆ ಸಾಕು. ಆ ನಾಲ್ಕಡಿ ತೊಟ್ಟಿಯಲ್ಲಿ ಈಗ ಮೋಲಿ ಮರಿ ಬೆಳೆಯುತ್ತಿವೆ.

ಹೊಸದಾಗಿ ಶುರು ಮಾಡುವವರು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಮೊದಲು ಹೋಗಿ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ಗೊತ್ತುಮಾಡಿ, ಮಹಿಳೆಯರಿಗೆ ಅದರಲ್ಲಿ ಶೇಕಡ 60 ಸಹಾಯಧನ ಇಟ್ಟಿದ್ದರು. ಈ ವರ್ಷ ಯಾವ ಯೋಜನೆಯಲ್ಲಿ ಎಷ್ಟಿದೆ ಎಂದು ಅಲ್ಲೇ ಕೇಳಿ ಬರೆಸಿಕೊಳ್ಳಿ. ದೊಡ್ಡ ಮೀನೇ ಬೇಕು ಎನ್ನುವ ಗಿರಾಕಿ ಬಂದರೆ, ದೊಡ್ಡ ತೊಟ್ಟಿಗೆ ಒಂದೇ ಆಸ್ಕರ್ ಎಂದು ಹೇಳಿ. ಗಾರ್, ರೆಡ್‌ಟೇಲ್ ಕೇಳಿದರೆ ನಮ್ಮಲ್ಲಿ ಇಲ್ಲ ಎನ್ನಿ.

ಸಂಘದ ಸಭೆಯಲ್ಲಿ ಮಾತಾಡಲು

ನಾವು ಸಾಕಬೇಕೆಂದಿರುವ ಮೀನು ಪೂರ್ತಿ ಬೆಳೆದಾಗ ಎಷ್ಟು ಉದ್ದ? ನಮ್ಮ ತೊಟ್ಟಿ ಎಷ್ಟು?

ವಾರಕ್ಕೆ ಎಷ್ಟು ಕೊಡ ನೀರು ಬೇಕು, ಯಾರು ತರುತ್ತಾರೆ, ಅವರ ಕೂಲಿ ಯಾವ ಪುಸ್ತಕದಲ್ಲಿ ಬರೆಯುತ್ತೇವೆ?

'ವಾಪಸ್ ತಗೋತೀನಿ' ಎಂದವನು ಬರೆದು ಸಹಿ ಮಾಡಿಕೊಟ್ಟಿದ್ದಾನೆಯೇ?

ನಮ್ಮ ಊರಿನ ಕೆರೆಗೆ ಯಾರಾದರೂ ಅಕ್ವೇರಿಯಂ ಮೀನು ಬಿಟ್ಟದ್ದನ್ನು ಕಂಡಿದ್ದೀರಾ? ಮೀನುಗಾರರ ಸಂಘದವರನ್ನು ಮುಂದಿನ ಸಭೆಗೆ ಕರೆದು ಕೇಳಿ, ಅವರು ಹೇಳಿದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆದಿಡಿ.